ಒಂದೂವರೆ ಸುತ್ತು

ಕಟ್ಟೆ ಹತ್ತಬೇಡಿ ಎಂದರು. ಮರ ಹತ್ತಿ ಎಂದರು. ಹದಿಮೂರು ವರ್ಷದಿಂದ ಮರದ ಕೊಂಬೆ ಕಡಿದು ಸವರುವ ಗ್ಯಾಂಗಿನಲ್ಲಿದ್ದೇನೆ. ಕಟ್ಟೆಗೆ ಕಾಲಿಡದೆ ಕಟ್ಟೆಯೊಳಗಿನ ಮರ ಹತ್ತುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ರವೀಂದ್ರನಗರದ ಒಂದು ಅಡ್ಡರಸ್ತೆ. ತಿರುವಿನಲ್ಲಿ ಅಶ್ವತ್ಥ ಮರ, ಅದರ ಸುತ್ತ ಸೊಂಟದೆತ್ತರದ ಕಟ್ಟೆ, ಕಟ್ಟೆಯ ಮೇಲೆ ಆರು ನಾಗರಕಲ್ಲು. ನಾಳಿದ್ದು ಪಂಚಮಿ. ಕಟ್ಟೆಗೆ ಸುಣ್ಣ ಬಳಿದು, ಕೆಂಪು ಪಟ್ಟೆ ಎಳೆದು, ಕಲ್ಲುಗಳಿಗೆ ಅರಿಶಿನ ಹಚ್ಚಿದ್ದರು. ಆಷಾಢದ ಗಾಳಿಗೆ ಮರದ ದೊಡ್ಡ ಕೊಂಬೆಯೊಂದು ಬಿರಿದಿತ್ತು. ಅದು ಚಾಚಿದ್ದು ಬಡಾವಣೆ ಸಂಘದ ಅಧ್ಯಕ್ಷರಾದ ಚಂದ್ರಶೇಖರಪ್ಪನವರ ಮನೆಯ ಮೇಲೆ. ಅವರು ಪೋರ್ಟಿಕೊಗೆ ಹೊಸದಾಗಿ ಗಾಜಿನ ಚಾವಣಿ ಹಾಕಿಸಿದ್ದರು. ಅಶ್ವತ್ಥಕ್ಕೆ ಮಚ್ಚು ಹಾಕಿದವರಿಗೆ ದೋಷ ತಟ್ಟುತ್ತದಂತೆ. ಹಾಗಾಗಿ ಯಾರಿಗೆ ತಟ್ಟಿದರೆ ಚಿಂತೆಯಿಲ್ಲವೋ ಅಂಥವರನ್ನು ಕರೆಸಬೇಕು. ಭದ್ರಾವತಿಯಿಂದ ನಮ್ಮನ್ನು ಕರೆಸಿದರು.

ನಾವು ಮೂವರು. ಮೇಲೆ ಹತ್ತುವವನು ಆನಂದ, ನನ್ನ ಗಂಡ. ಕೆಳಗೆ ಹಗ್ಗ ಹಿಡಿಯುವವರು ನಾನು ಮತ್ತು ಭೀಮೇಶ್. ಭೀಮೇಶ್ ನಮ್ಮ ಕೇರಿಯವನೇ, ನನ್ನನ್ನು ಅಕ್ಕಾ ಎನ್ನುತ್ತಾನೆ. ಕೆಲಸ ಹಿಡಿದವನು ಕಂಟ್ರಾಕ್ಟರ್ ಸತೀಶ್. ಅವನು ಒಂದು ದಿನವೂ ಮರ ಮುಟ್ಟಿದವನಲ್ಲ. ಬೈಕಿಗೆ ಒರಗಿ ಫೋನ್ ನೋಡುತ್ತಾನೆ, ಆಗಾಗ ಬೇಗ ಬೇಗ ಎನ್ನುತ್ತಾನೆ.

ಹಗ್ಗದ ಕೆಲಸವನ್ನು ಸ್ವಲ್ಪ ಹೇಳಬೇಕು. ಮನೆಯ ಮೇಲಿರುವ ಕೊಂಬೆಯನ್ನು ಬೀಳಿಸುವಂತಿಲ್ಲ, ಇಳಿಸಬೇಕು. ಹಗ್ಗದ ಒಂದು ತುದಿಯನ್ನು ಕೊಂಬೆಗೆ ಬಿಗಿಯುತ್ತೇವೆ. ಅದು ಮೇಲಿನ ಕವಲೊಂದನ್ನು ಹಾಯ್ದು ಕೆಳಗೆ ಬರುತ್ತದೆ. ಕೆಳಗೆ ಬಂದದ್ದನ್ನು ಮರದ ಕಾಂಡಕ್ಕೆ ಎರಡು ಸುತ್ತು ಸುತ್ತಿ ಹಿಡಿಯಬೇಕು. ಎರಡು ಸುತ್ತಿದ್ದರೆ ಭಾರವನ್ನು ಮರವೇ ಹೊರುತ್ತದೆ. ಎಷ್ಟೇ ದೊಡ್ಡ ಕೊಂಬೆಯನ್ನೂ ನಾನೊಬ್ಬಳೇ ಮಗುವನ್ನು ಇಳಿಸಿದ ಹಾಗೆ ಇಳಿಸಬಲ್ಲೆ. ಸುತ್ತು ಇಲ್ಲದಿದ್ದರೆ ನಾಲ್ಕು ಗಂಡಸರೂ ಸಾಲದು. ಸುತ್ತು ಹಾಕಲು ಬುಡದ ಹತ್ತಿರ ನಿಲ್ಲಬೇಕು. ಬುಡ ಇದ್ದದ್ದು ಕಟ್ಟೆಯ ಮೇಲೆ.

ನಾನು ಹಗ್ಗ ಹಿಡಿದು ಕಟ್ಟೆಯ ಮೆಟ್ಟಿಲಿಗೆ ಕಾಲಿಡುವಾಗ ಚಂದ್ರಶೇಖರಪ್ಪ ಕೂಗಿದರು.

"ಏಯ್, ನಿಲ್ಲಮ್ಮ. ಯಾವ ಕಡೆಯವರು ನೀವು?"

"ಭದ್ರಾವತಿ ಸ್ವಾಮಿ. ಓಲ್ಡ್ ಟೌನು."

"ಊರು ಕೇಳಲಿಲ್ಲ ನಾನು."

ನಾನು ಮೆಟ್ಟಿಲಿನಿಂದ ಕಾಲು ತೆಗೆದೆ. ಅವರಿಗೆ ಉತ್ತರ ಸಿಕ್ಕಿತು.

"ನಿಮ್ಮಲ್ಲಿ ಯಾರೂ ಮೇಲೆ ಬರಂಗಿಲ್ಲ. ನಿನ್ನೆ ತಾನೇ ಶುದ್ಧಿ ಮಾಡ್ಸಿದ್ದೀವಿ. ಏಣಿನ ರಸ್ತೆ ಕಡೆಯಿಂದ ಇಟ್ಕೊಳ್ಳಿ, ಹಗ್ಗಾನೂ ರಸ್ತೆಲಿ ನಿಂತೇ ಹಿಡ್ಕೊಳ್ಳಿ."

"ಸ್ವಾಮಿ, ಹಗ್ಗ ಬುಡಕ್ಕೆ ಸುತ್ತದೆ ಹಿಡಿಯಕ್ಕಾಗಲ್ಲ. ಮೇಲೆ ಮನುಷ್ಯ ಇರ್ತಾನೆ."

"ಇಬ್ಬರಿದ್ದೀರಲ್ಲ."

ಸತೀಶ್ ಹತ್ತಿರ ಬಂದು ದನಿ ತಗ್ಗಿಸಿದ. "ದುರ್ಗಮ್ಮ, ಕಿರಿಕ್ ಮಾಡ್ಬೇಡ ಮಾರಾಯ್ತಿ. ಒಂದು ಕೊಂಬೆ. ಅರ್ಧ ಗಂಟೆ ಕೆಲಸ. ಇವ್ರು ಬಿಟ್ರೆ ಈ ಏರಿಯಾ ಪೂರ್ತಿ ಕೈ ಬಿಡುತ್ತೆ."

ಆನಂದ ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಳ್ಳುತ್ತಿದ್ದ. ಮೇಲಿನಿಂದ ಕೆಳಗೆ ಮರವನ್ನು ಒಮ್ಮೆ ನೋಡಿದ. ಅವನು ಜಗಳದವನಲ್ಲ. "ಆಯ್ತು ಬಿಡು ದುರ್ಗಿ. ನೋಡ್ಕೊಂಡು ಕುಯ್ತೀನಿ" ಎಂದ.

ನಾನು ಅಲ್ಲೇ ಹಗ್ಗ ಕೆಳಗೆ ಹಾಕಬೇಕಿತ್ತು. ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದರೆ ನನ್ನ ತಮ್ಮ ಕಲ್ಲಪ್ಪ ನಮ್ಮ ಮನೆಯಲ್ಲೇ ಮಲಗಿದ್ದಾನೆ. ಹೋದ ವರ್ಷ ಭದ್ರಾವತಿಯ ಒಂದು ಕ್ವಾರ್ಟರ್ಸಿನಲ್ಲಿ ಕೊಂಬೆ ಸವರುವಾಗ ಬಿದ್ದ. ಸೊಂಟದ ಕೆಳಗೆ ಏನೂ ಇಲ್ಲ ಅವನಿಗೆ. ಆಸ್ಪತ್ರೆಗೆ ಹೋಗುವ ಗಾಡಿಯಲ್ಲೇ ಇದೇ ಸತೀಶ್ ಅವನ ಹೆಬ್ಬೆಟ್ಟು ಒತ್ತಿಸಿಕೊಂಡ. ನಾನು ಕುಡಿದಿದ್ದೆ, ಬೇಡವೆಂದರೂ ನಾನೇ ಹತ್ತಿದೆ, ಎಂದು ಕಾಗದದಲ್ಲಿತ್ತು. ಕಲ್ಲಪ್ಪ ಬೀಡಿ ಕೂಡ ಸೇದುವವನಲ್ಲ. ಪರಿಹಾರ ಕೇಳಲು ಹೋದರೆ ಆ ಕಾಗದ ತೋರಿಸಿ ಎಲ್ಲ ಆಫೀಸಿನವರೂ ನಮ್ಮನ್ನು ವಾಪಸ್ ಕಳಿಸಿದರು. ಅದಾದ ಮೇಲೂ ನಾವು ಸತೀಶನ ಹತ್ತಿರವೇ ಕೆಲಸಕ್ಕೆ ಬಂದೆವು. ನಾಚಿಕೆಯಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು. ಬೇರೆ ಯಾರು ಕರೆಯುತ್ತಾರೆ ಹೇಳಿ.

ರಸ್ತೆಯಿಂದ ಏಣಿ ಇಟ್ಟರು. ಅದು ಕಟ್ಟೆಯನ್ನು ದಾಟಿ ಮಲಗಿದ ಹಾಗೆ ಮರಕ್ಕೆ ಒರಗಿತು. ಆನಂದ ಹತ್ತುವಾಗ ನಡುವೆ ಬಾಗಿತು. ಮೇಲೆ ಹೋದವನು ಕೊಂಬೆಗೆ ಹಗ್ಗ ಕಟ್ಟಿ, ಕವಲು ದಾಟಿಸಿ, ತುದಿಯನ್ನು ನಮಗೆ ಎಸೆದ. ಹಗ್ಗ ಗಿಡ್ಡವಿತ್ತು. ಅರ್ಧವನ್ನು ಸತೀಶ್ ಇನ್ನೊಂದು ಕೆಲಸಕ್ಕೆಂದು ಕತ್ತರಿಸಿಕೊಂಡು ಹೋಗಿದ್ದ. ನಾವಿಬ್ಬರೂ ರಸ್ತೆಯಲ್ಲಿ ಹಿಂದಕ್ಕೆ ವಾಲಿ ನಿಂತೆವು.

ಕೊಂಬೆ ಕುಯ್ಯುವಾಗ ಮೊದಲು ಅಡಿಯಿಂದ ಒಂದು ಕಚ್ಚು ಹಾಕಬೇಕು, ಆಮೇಲೆ ಮೇಲಿನಿಂದ ಕುಯ್ಯಬೇಕು. ಅಡಿ ಕಚ್ಚು ಇಲ್ಲದಿದ್ದರೆ ಕೊಂಬೆ ತುಂಡಾಗುವುದಿಲ್ಲ, ಸಿಗಿಯುತ್ತದೆ. ಆನಂದನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ಕೊಂಬೆಯ ಅಡಿಗೆ ಕೈ ಎಟುಕಬೇಕಾದರೆ ಏಣಿಯನ್ನು ಕಟ್ಟೆಯ ಮೇಲೆ ಇಡಬೇಕಿತ್ತು. ಅವನು ಎರಡು ಸಲ ಬಗ್ಗಿ ನೋಡಿದ. ಎಟುಕಲಿಲ್ಲ.

"ಅಡಿ ಸಿಗ್ತಿಲ್ಲ ಸಾರ್" ಎಂದು ಕೂಗಿದ.

"ಮೇಲಿಂದಲೇ ಕುಯ್ಯೋ" ಎಂದ ಸತೀಶ್.

ಹೆಗಲಿಗೆ ನೇತುಹಾಕಿಕೊಂಡು ಹೋಗಿದ್ದ ಗರಗಸದ ಮಿಷನ್ ಶುರುವಾಯಿತು. ಮರದ ಪುಡಿ ನನ್ನ ಕಣ್ಣಿಗೆ ಬಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಮುಕ್ಕಾಲು ಕುಯ್ದಿರಬೇಕು. ಚರ್ ಎಂದು ಸದ್ದಾಯಿತು. ಕೊಂಬೆ ತನ್ನ ಬುಡದಿಂದ ಕೆಳಗೆ ಸಿಗಿಯುತ್ತ ಬಂತು. ಆನಂದ ಕಿರುಚಿದ. ನನ್ನ ಕೈಯಲ್ಲಿದ್ದ ಹಗ್ಗ ಎದ್ದು ಓಡಿತು. ಭೀಮೇಶ್ ನನ್ನ ಮುಂದಿದ್ದ, ಅವನನ್ನು ಎತ್ತಿ ಕಟ್ಟೆಗೆ ಬಡಿಯಿತು. ಅವನ ಭುಜ ಕಳಚಿತು. ಅವನು ಬಿಟ್ಟ.

ನಾನು ಬಿಡಲಿಲ್ಲ. ಹಗ್ಗ ನನ್ನನ್ನು ಎಳೆದುಕೊಂಡು ಹೋಯಿತು, ನಾನೂ ಅದರ ಹಿಂದೆ ಓಡಿದೆ. ಕಟ್ಟೆ ಹತ್ತಿದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಬುಡದಿಂದಲೇ ಎದ್ದ ಎರಡನೆಯ ಕಾಂಡವೊಂದಿತ್ತು, ನನ್ನ ಸೊಂಟದಷ್ಟು ದಪ್ಪದ್ದು. ಅದನ್ನು ಸುತ್ತಿ ಓಡಿದೆ. ಒಂದು ಸುತ್ತು ಆಯಿತು. ಎರಡನೆಯದು ಅರ್ಧ ಆಗುವಷ್ಟರಲ್ಲಿ ಹಗ್ಗ ಮುಗಿಯಿತು. ಕೈಯಾಚೆ ಗೇಣುದ್ದ ಉಳಿದಿತ್ತು. ಗಂಟು ಹಾಕಲು ಸಾಲದು, ಇನ್ನೊಂದು ಸುತ್ತಿಗೂ ಸಾಲದು. ಕಾಂಡಕ್ಕೆ ಕಾಲು ಒತ್ತಿ ಹಿಂದಕ್ಕೆ ವಾಲಿದೆ. ಕೊಂಬೆ ನಿಂತಿತು.

ತಲೆ ಎತ್ತಿ ನೋಡಿದೆ. ಸಿಗಿದ ಕೊಂಬೆಗೂ ಮರಕ್ಕೂ ನಡುವೆ ಆನಂದನ ಎಡಗಾಲು ಸಿಕ್ಕಿಕೊಂಡಿತ್ತು. ಅವನು ಮರವನ್ನು ತಬ್ಬಿಕೊಂಡಿದ್ದ. ಏಣಿ ಮುರಿದು ಬಿದ್ದಿತ್ತು. ಮಿಷನ್ ಕೆಳಗೆ ಬಿದ್ದು ಇನ್ನೂ ಗುರುಗುಡುತ್ತಿತ್ತು.

"ಹಗ್ಗ ಬಿಡ್ಬೇಡ ದುರ್ಗಿ. ಬಿಟ್ರೆ ಕಾಲು ಅರೆದುಹೋಗುತ್ತೆ" ಎಂದ.

ಮನೆಗಳಿಂದ ಜನ ಹೊರಗೆ ಬಂದರು. ಹತ್ತು ಹನ್ನೆರಡು ಜನ ಇರಬೇಕು. ಚಂದ್ರಶೇಖರಪ್ಪ ಓಡಿದರು. ನಾನು ಫೋನ್ ಮಾಡಲು ಓಡಿದರು ಎಂದುಕೊಂಡೆ. ಅವರು ಪೋರ್ಟಿಕೊದಿಂದ ಕಾರು ಹೊರಗೆ ತೆಗೆದರು. ಅದನ್ನು ರಸ್ತೆಯ ಆ ತುದಿಯಲ್ಲಿ ನಿಲ್ಲಿಸಿ, ಲಾಕ್ ಮಾಡಿ, ವಾಪಸ್ ಬಂದು ನನ್ನನ್ನು ನೋಡಿದರು.

"ಹತ್ತೇಬಿಟ್ಯಲ್ಲ" ಎಂದರು.

ಆಂಬುಲೆನ್ಸಿಗೆ ಫೋನ್ ಮಾಡಿದವನು ಭೀಮೇಶ್, ನೆಟ್ಟಗಿದ್ದ ಒಂದೇ ಕೈಯಲ್ಲಿ. ಬೀದಿದೀಪ ರಿಪೇರಿ ಮಾಡುವ ತೊಟ್ಟಿಲ ಲಾರಿ ಊರಿನ ಆ ತುದಿಯಲ್ಲಿದೆ ಎಂದು ಯಾರೋ ಹೇಳಿದರು. ಅದಕ್ಕೂ ಫೋನ್ ಹೋಯಿತು. ಅದು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನಾನು ಅಲ್ಲೇ ಇದ್ದೆ.

ಹಗ್ಗ ಕೂದಲೆಳೆಯಷ್ಟು ಜಾರುತ್ತಿತ್ತು. ಜಾರಿದಾಗಲೆಲ್ಲ ಮೇಲಿನಿಂದ ಆನಂದನ ದನಿ ಬರುತ್ತಿತ್ತು. ನಾನು ಮತ್ತೆ ವಾಲುತ್ತಿದ್ದೆ. ಅಂಗೈ ಮೊದಲು ಉರಿಯಿತು, ಆಮೇಲೆ ಒದ್ದೆಯಾಯಿತು. ಸೀರೆಯ ಮೇಲೆ ಹಾಕಿದ್ದ ಆನಂದನ ಹಳೆ ಶರ್ಟಿನೊಳಗೆ ಕೆಂಜಿಗ ಇರುವೆಗಳು ನುಗ್ಗಿದವು. ಕುತ್ತಿಗೆ, ಎದೆ, ಕಂಕುಳು. ಕೊಡವಿಕೊಳ್ಳುವ ಹಾಗಿರಲಿಲ್ಲ. ಮೇಲೆ ಅವನನ್ನು ಮರ ಹಿಡಿದಿತ್ತು, ಕೆಳಗೆ ನನ್ನನ್ನು ಹಗ್ಗ ಹಿಡಿದಿತ್ತು.

"ಸೆರಗು ನೋಡು, ಕಲ್ಲಿಗೆ ತಾಗ್ತಿದೆ" ಎಂದು ಯಾರೋ ಹೇಳಿದರು.

ಚಂದ್ರಶೇಖರಪ್ಪನವರ ಹೆಂಡತಿ ಜಗದಾಂಬಾ ಗೇಟಿನ ಹತ್ತಿರ ನಿಂತಿದ್ದರು. "ಏನಮ್ಮಾ, ತಿಂಗಳದ್ದು ಗಿಂಗಳದ್ದು ಏನೂ ಇಲ್ಲ ತಾನೇ?"

ಗಂಡಸರೆಲ್ಲ ನೆಲ ನೋಡಿದರು. ನೋಡುತ್ತಲೇ ಉತ್ತರಕ್ಕೆ ಕಾದರು.

"ಇದೆ. ಎರಡನೇ ದಿನ" ಎಂದೆ.

ಅಯ್ಯೋ ಎಂದು ಆಕೆ ತಲೆಗೆ ಕೈ ಹೊತ್ತರು. ನನ್ನ ಗಂಡನ ಕಾಲು ಮೇಲೆ ಸಿಕ್ಕಿಕೊಂಡಾಗ ಆ ಅಯ್ಯೋ ಬಂದಿರಲಿಲ್ಲ.

"ಇಳಿಯಮ್ಮ ಕೆಳಗೆ" ಎಂದರು ಚಂದ್ರಶೇಖರಪ್ಪ. "ಇನ್ನು ಪಂಚಮಿಗೆ ಏನು ಮಾಡೋದು ನಾವು?"

"ಇಳೀತೀನಿ ಸ್ವಾಮಿ. ಹಗ್ಗ ಯಾರು ಹಿಡ್ಕೊಳ್ತೀರಿ, ಬನ್ನಿ. ಇಬ್ಬರು ಬಂದ್ರೆ ಸಾಕು."

ಯಾರೂ ಬರಲಿಲ್ಲ. ಸತೀಶ್ ಬೈಕು ಬಿಟ್ಟು ಕದಲಲಿಲ್ಲ. ಒಬ್ಬ ತನಗೆ ಬೆನ್ನುನೋವು ಎಂದ. ಒಬ್ಬ ಫೋನ್ ಬಂದವನಂತೆ ಆಚೆ ಹೋದ. ನಾನು ಹಿಡಿದ ಹಗ್ಗ, ಅದರ ಮೇಲೆ ನನ್ನ ರಕ್ತ. ಅದನ್ನು ಹಿಡಿಯುವುದೆಂದರೆ ನನ್ನ ಕೈಗೆ ಕೈ ತಾಗಿಸಿ ಹಿಡಿಯಬೇಕಿತ್ತು.

ಬಂದವಳು ಒಬ್ಬಳೇ. ಚಂದ್ರಶೇಖರಪ್ಪನವರ ಸೊಸೆ ಪ್ರಿಯದರ್ಶಿನಿ, ಆಫೀಸಿಗೆ ಹೊರಟ ಬಟ್ಟೆಯಲ್ಲಿದ್ದಳು. ನೀರಿನ ಬಾಟಲಿ ತಂದು, ಕಟ್ಟೆ ಹತ್ತಿ, ನನ್ನ ಬಾಯಿಗೆ ಹಿಡಿದಳು. ಕುಡಿದೆ. ಗಲ್ಲದಿಂದ ನೀರು ಎದೆಗೆ ಇಳಿಯಿತು, ಇರುವೆ ಕಚ್ಚಿದಲ್ಲಿ ತಣ್ಣಗಾಯಿತು.

"ನಾನು ಹಿಡ್ಕೊಳ್ಳಾ?" ಎಂದಳು.

"ಒಬ್ರಿಗೆ ಆಗಲ್ಲಮ್ಮ. ಗಂಡಸ್ರು ಇಬ್ಬರನ್ನ ಕರೀರಿ."

ಅವಳು ತಿರುಗಿದಳು. "ಮಾವ, ಯಾರಾದ್ರೂ ಬನ್ನಿ, ಪ್ಲೀಸ್."

"ಪ್ರಿಯಾ, ಒಳಗೆ ಹೋಗು" ಎಂದರು ಮಾವ. ಎರಡನೇ ಸಲ ಹೇಳಿದಾಗ ಅವಳು ಹೋದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹೊಗಳಲೂ ಬರಲಿಲ್ಲ.

ಲಾರಿ ಬಂತು. ಇಬ್ಬರು ಹುಡುಗರು, ಒಬ್ಬ ಸ್ಟೇರಿಂಗಿನಲ್ಲಿ, ಒಬ್ಬ ತೊಟ್ಟಿಲಲ್ಲಿ. ತೊಟ್ಟಿಲಿನವನು ಮೇಲೆ ಹೋಗಿ ಕೊಂಬೆಯ ಸಂದಿಗೆ ಹಾರೆ ಹಾಕಿದ. "ಅಕ್ಕಾ, ಒಂದೇ ಒಂದು ಚೂರು ಎಳೀರಿ" ಎಂದ. ಎಳೆದೆ. ಎಲ್ಲಿಂದ ಬಂತೋ ಬಲ ಗೊತ್ತಿಲ್ಲ, ಎಳೆದೆ. ಆನಂದ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಕಾಲು ಬಿಡಿಸಿಕೊಂಡಿತು. ಮೊಣಕಾಲಿನ ಕೆಳಗೆ ಅದು ಬೇರೆ ದಿಕ್ಕಿಗೆ ತಿರುಗಿತ್ತು.

ಅವನನ್ನು ತೊಟ್ಟಿಲಲ್ಲಿ ಕೆಳಗೆ ತರುವಷ್ಟರಲ್ಲಿ ಆಂಬುಲೆನ್ಸ್ ಬಂದಿತ್ತು. ಲಾರಿಯವರಿಬ್ಬರೂ ಆಂಬುಲೆನ್ಸಿನವನೂ ಸೇರಿ ಅವನನ್ನು ಸ್ಟ್ರೆಚರಿಗೆ ಹಾಕಿ ಹೊತ್ತರು. ನಾನು ಹಗ್ಗ ಹಿಡಿದು ನಿಂತೇ ಇದ್ದೆ. ನನ್ನ ಗಂಡನನ್ನು ನನ್ನ ಮುಂದೆಯೇ ಹೊತ್ತು ಹೋದರು, ನಾನು ಅವನ ಹಣೆ ಮುಟ್ಟಲಿಲ್ಲ. ಲಾರಿಯ ಹುಡುಗರು ಇನ್ನೊಂದು ಕೆಲಸವಿದೆ ಎಂದು ಹೊರಟುಹೋದರು.

ಆಗ ನೋಡಿದೆ. ಸತೀಶ್ ಬೈಕಿನ ಡಿಕ್ಕಿಯಿಂದ ಫೈಲು ತೆಗೆದ. ಜೇಬಿಗೆ ಪೆನ್ನು ಸಿಕ್ಕಿಸಿದ. ಆಂಬುಲೆನ್ಸಿನ ಒಳಗೆ ಹತ್ತಿದ.

ಕಲ್ಲಪ್ಪನ ಗಾಡಿಗೂ ಹೀಗೆಯೇ ಹತ್ತಿದ್ದ.

"ನಾನು ಹೋಗಬೇಕು" ಎಂದು ಕೂಗಿದೆ. "ಅವರ ಜೊತೆ ನಾನು ಹೋಗಬೇಕು. ಹಗ್ಗ ಹಿಡ್ಕೊಳ್ಳಿ ಯಾರಾದ್ರೂ."

"ಕೊಂಬೆ ಇಳಿಸಿ ಹೋಗು" ಎಂದರು ಚಂದ್ರಶೇಖರಪ್ಪ. "ನಿಧಾನಕ್ಕೆ ಇಳಿಸು, ಗಾಜಿದೆ. ಆಮೇಲೆ ಕಟ್ಟೆ ತೊಳೆದು, ತಪ್ಪಾಯ್ತು ಅಂತ ಒಂದು ಲೆಟರ್ ಬರ್ಕೊಟ್ಟು ಹೋಗು."

"ಇಳಿಸಕ್ಕೆ ಹಗ್ಗ ಎಲ್ಲಿದೆ ಸ್ವಾಮಿ? ನೋಡಿ, ಗೇಣು ಉಳಿದಿರೋದು. ಹಿಡ್ಕೊಂಡಿರಬೇಕು, ಇಲ್ಲಾ ಬಿಡಬೇಕು. ಎರಡೇ."

"ಹಿಡ್ಕೊಂಡಿರು. ಬೇರೆ ಹಗ್ಗ ತರಿಸ್ತೀವಿ."

ಆಂಬುಲೆನ್ಸಿನ ಹಿಂದಿನ ಬಾಗಿಲು ಒಂದು ಮುಚ್ಚಿತು. ಇನ್ನೊಂದರ ಸಂದಿಯಲ್ಲಿ ಸತೀಶನ ಬೆನ್ನು ಕಾಣುತ್ತಿತ್ತು. ಬಗ್ಗಿದ್ದ.

"ಕೊನೇ ಸಲ ಕೇಳ್ತೀನಿ" ಎಂದೆ. "ಯಾರು ಹಿಡ್ಕೊಳ್ತೀರಿ?"

ಹನ್ನೆರಡು ಜನ. ಇಪ್ಪತ್ತನಾಲ್ಕು ಕೈ. ಕೆಲವು ಜೇಬಿನಲ್ಲಿದ್ದವು, ಕೆಲವು ಬೆನ್ನ ಹಿಂದಿದ್ದವು.

"ಗೇಟಿಂದ ಆಚೆ ಬನ್ನಿ ಎಲ್ಲ. ಮನೆಯೊಳಗಿರೋರು ಹೊರಗೆ ಬರಬೇಡಿ. ಭೀಮೇಶ, ಪೋರ್ಟಿಕೊ ಕೆಳಗೆ ಯಾರಾದ್ರೂ ಇದ್ದಾರಾ ನೋಡೋ."

"ಯಾರೂ ಇಲ್ಲಕ್ಕ."

ಜಗದಾಂಬಾ ಗೇಟಿನಿಂದ ರಸ್ತೆಗೆ ಓಡಿ ಬಂದರು. ಚಂದ್ರಶೇಖರಪ್ಪ ಏಯ್ ಏಯ್ ಎನ್ನುತ್ತಿದ್ದರು. ನಾನು ಬೆರಳುಗಳನ್ನು ಬಿಡಿಸಿದೆ. ಅವು ತಾವಾಗಿ ಬಿಡಲಿಲ್ಲ, ಮರಗಟ್ಟಿದ್ದವು. ಒಂದೊಂದಾಗಿ ಬಿಡಿಸಿದೆ. ಹಗ್ಗ ಕಾಂಡವನ್ನು ಸುತ್ತಿ ಸುಯ್ಯೆಂದು ಹೋಯಿತು. ಹೊಸ ಗಾಜಿನ ಚಾವಣಿ ಪೂರ್ತಿಯಾಗಿ ಒಳಗೆ ಬಿತ್ತು.

ನಾನು ಕಟ್ಟೆಯಿಂದ ಜಿಗಿದು ಓಡಿದೆ. ಮುಚ್ಚುತ್ತಿದ್ದ ಬಾಗಿಲನ್ನು ಮೊಣಕೈಯಿಂದ ತಳ್ಳಿ ಒಳಗೆ ಹತ್ತಿದೆ. ಆನಂದನ ಬಲಗೈ ಹೆಬ್ಬೆರಳು ಸತೀಶನ ಕೈಯಲ್ಲಿತ್ತು. ಇಂಕಿನ ಪ್ಯಾಡು ಸ್ಟ್ರೆಚರಿನ ಮೇಲಿತ್ತು.

"ಬಿಡಿ ಸಾರ್ ಅದನ್ನ."

"ದುರ್ಗಮ್ಮ, ಏನು ಮಾಡ್ದೆ ನೀನು? ತಲೆ ಕೆಟ್ಟಿದೆಯಾ?"

ಗಾಡಿ ಹೊರಡಲಿಲ್ಲ. ಚಂದ್ರಶೇಖರಪ್ಪ ಮುಂದೆ ನಿಂತಿದ್ದರು. ಅವರ ಹಿಂದೆ ಎಲ್ಲರೂ ನಿಂತಿದ್ದರು. ಬೆನ್ನುನೋವಿನವನೂ ಫೋನಿನವನೂ ಇದ್ದರು. ಬೇಕೆಂತಲೇ ಬಿಟ್ಟಳು, ಪೊಲೀಸರು ಬರುವ ತನಕ ಗಾಡಿ ಕದಲಬಾರದು ಎನ್ನುತ್ತಿದ್ದರು. ಒಳಗೆ ಜೀವ ಇದೆ ಎಂದು ಡ್ರೈವರ್ ಬೇಡಿಕೊಳ್ಳುತ್ತಿದ್ದ.

ಸತೀಶ್ ಹೊರಗೆ ಹೋಗಿ ಅವರ ಹತ್ತಿರ ಏನೋ ಮಾತಾಡಿ ವಾಪಸ್ ಬಂದ. ಈಗ ಅವನ ದನಿ ಮೆತ್ತಗಿತ್ತು.

"ನೋಡು, ಒಪ್ಪಿಸಿದ್ದೀನಿ. ಹಗ್ಗ ಕೈ ಜಾರ್ತು ಅನ್ನು. ಆನಂದ ಸ್ವಲ್ಪ ಹಾಕ್ಕೊಂಡಿದ್ದ, ಅದಕ್ಕೇ ಹೀಗಾಯ್ತು ಅನ್ನು. ಅಷ್ಟಕ್ಕೆ ಸೈನ್ ಹಾಕು. ಗಾಜಿನ ವಿಷಯ ನಾನು ನೋಡ್ಕೊಳ್ತೀನಿ, ಗಾಡಿ ಈಗಲೇ ಬಿಡ್ತಾರೆ. ಇಲ್ಲಾಂದ್ರೆ ಕೇಸು. ಅವನ ಕಾಲು ನೋಡು ಒಂದ್ಸಲ."

ನೋಡಿದೆ. ಸ್ಟ್ರೆಚರಿನಿಂದ ರಕ್ತ ತೊಟ್ಟಿಕ್ಕಿ ಗಾಡಿಯ ನೆಲದ ಮೇಲೆ ಹರಿಯುತ್ತಿತ್ತು. ನಮಗೂ ಕಾನೂನಿದೆ, ಅದು ನನಗೆ ಗೊತ್ತು. ಕಾನೂನು ಬರುವ ಹೊತ್ತಿಗೆ ಕಾಲು ಉಳಿದಿರುತ್ತದೆಯೇ? ಹೇಳಿಬಿಡೋಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ನನಗೆ ನಿಜವಾಗಿಯೂ ಹಾಗೆ ಅನ್ನಿಸಿತು. ಒಂದು ಸೈನ್. ಪೆನ್ನಿಗೆ ಕೈ ಚಾಚಿದೆ.

ಆನಂದ ನನ್ನ ಮಣಿಕಟ್ಟು ಹಿಡಿದುಕೊಂಡ. ಅವನ ಮುಖ ಬೂದಿಯಾಗಿತ್ತು.

"ಕುಡಿದಿದ್ದ ಅಂತ ಹೇಳ್ಬೇಡ ದುರ್ಗಿ. ಬೆಳಿಗ್ಗೆಯಿಂದ ಟೀನೂ ಕುಡಿದಿಲ್ಲ ನಾನು. ಕಾಲು ಹೋದ್ರೆ ಹೋಗ್ಲಿ."

ಪೆನ್ನು ಬಿಟ್ಟೆ. "ಜಾರಲಿಲ್ಲ ಸಾರ್. ನಾನೇ ಬಿಟ್ಟೆ" ಎಂದೆ. "ಹಿಡ್ಕೊಳ್ಳಿ ಅಂತ ಬೇಡ್ಕೊಂಡೆ, ಯಾರೂ ಬರಲಿಲ್ಲ, ಬಿಟ್ಟೆ. ಅದನ್ನ ಬರೀರಿ, ಎಷ್ಟು ಸೈನ್ ಬೇಕೋ ಅಷ್ಟು ಹಾಕ್ತೀನಿ."

ಸತೀಶ್ ಬರೆಯಲಿಲ್ಲ, ಫೈಲು ಮುಚ್ಚಿಕೊಂಡು ಗಾಡಿಯಿಂದ ಇಳಿದ. ನಾನು ಕೆಳಗಿಳಿದು ಗಾಡಿಯ ಮುಂದಕ್ಕೆ ಬಂದೆ.

"ಹಗ್ಗ ಹಿಡಿಯಕ್ಕೆ ಒಬ್ಬರೂ ಬರಲಿಲ್ಲ. ಗಾಡಿ ತಡೆಯಕ್ಕೆ ಎಲ್ಲರೂ ಬಂದ್ರಲ್ಲ ಸ್ವಾಮಿ" ಎಂದೆ.

"ಮಾತು ಬೇಡ. ಪೊಲೀಸ್ ಬರಲಿ" ಎಂದರು ಚಂದ್ರಶೇಖರಪ್ಪ.

ನನ್ನ ಎರಡೂ ಕೈಗಳನ್ನು ನೋಡಿಕೊಂಡೆ. ಅಂಗೈಯಲ್ಲಿ ಚರ್ಮವಿರಲಿಲ್ಲ, ರಕ್ತ ಮೊಣಕೈ ತನಕ ಇಳಿದಿತ್ತು. ಕೈ ಚಾಚಿದೆ. ಒಂದು ಹೆಜ್ಜೆ ಅವರ ಕಡೆಗೆ ಇಟ್ಟೆ.

ಚಂದ್ರಶೇಖರಪ್ಪ ಒಂದು ಹೆಜ್ಜೆ ಹಿಂದೆ ಹೋದರು.

ಇನ್ನೊಂದು ಹೆಜ್ಜೆ ಇಟ್ಟೆ. ಅವರ ಬಿಳಿ ಪಂಚೆಗೂ ನನ್ನ ಬೆರಳಿಗೂ ಒಂದು ಮೊಳ ಇತ್ತು. ಅವರು ಪಂಚೆ ಎತ್ತಿಕೊಂಡು ಚರಂಡಿಯ ಕಡೆಗೆ ಸರಿದರು. ಜಗದಾಂಬಾ ಸೆರಗು ಎಳೆದುಕೊಂಡು ಗೋಡೆಗೆ ಅಂಟಿದರು. ಬೆನ್ನುನೋವಿನವನು ಎಲ್ಲರಿಗಿಂತ ಮೊದಲು ಹಾರಿದ.

"ಭೀಮೇಶ, ಗಾಡಿ ಹತ್ತು" ಎಂದೆ, ತಿರುಗಿ ನೋಡದೆ. "ಸತೀಶ್ ಸಾರ್ ಬೈಕಲ್ಲಿ ಬರ್ತಾರೆ. ಡ್ರೈವರಣ್ಣ, ನನ್ನ ಹಿಂದೆ ಬಾ."

ಅವರು ಯಾರೂ ನಾಚಿ ದಾರಿ ಬಿಡಲಿಲ್ಲ. ನನ್ನ ಕೈ ತಾಗೀತೆಂದು ಬಿಟ್ಟರು. ಯಾಕಾದರೂ ಬಿಡಲಿ. ಆ ಅಡ್ಡರಸ್ತೆಯ ಉದ್ದಕ್ಕೂ ಎರಡೂ ಕೈ ಚಾಚಿಕೊಂಡು ನಡೆದೆ. ಮೇನ್ ರೋಡ್ ಸಿಗುವ ತನಕ ಇಳಿಸಲಿಲ್ಲ. ಹಿಂದೆ ಆಂಬುಲೆನ್ಸ್ ಬಂತು.